ಹುಲ್ಲಿನ ಮಷಿನ್ ಕೆಮ್ಮುವುದೇಕೆ? ಅದು ಹುಟ್ಟಿದ ಕತೆ ಕೇಳಿ

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದೂರಿನ ಹೈಸ್ಕೂಲಿಗೆ ಹೋಗಿದ್ದೆವು. ಕ್ರೀಡಾಕೂಟಕ್ಕೆ ಒಂದೇ ವಾರವಿತ್ತು. ಮೈದಾನದ ತುಂಬ ಮೊಣಕಾಲುದ್ದ ಹುಲ್ಲು, ಹಾವಿನ ಭಯ ಬೇರೆ. ಹಳೆ ವಿದ್ಯಾರ್ಥಿಗಳು ಚಂದಾ ಎತ್ತಿ ಕೊಡಿಸಿದ್ದ ಪೆಟ್ರೋಲ್ ಮಷಿನ್ ಎರಡು ನಿಮಿಷ ಓಡಿ, ಕೆಮ್ಮಿ ನಿಲ್ಲುತ್ತಿತ್ತು. ‘ಕಾರ್ಬುರೇಟರ್ ಪೂರಾ ಬದಲಾಯಿಸಬೇಕಂತೆ, ದುಡ್ಡೆಲ್ಲಿ ತರೋದು?’ ಎಂದರು ಪಿ.ಟಿ. ಮೇಷ್ಟ್ರು. ಬದಲಾಯಿಸುವ ಮುಂಚೆ ಒಮ್ಮೆ ನೋಡೋಣ ಎಂದು ಕೂತೆವು. ಈ ಎಂಜಿನ್ ಎಲ್ಲಿ ಕೆಡುತ್ತದೆ ಎನ್ನುವುದಕ್ಕೆ ಅದರ ಇತಿಹಾಸದಲ್ಲೇ ಸುಳಿವಿದೆ.

ಹುಲ್ಲು ಕತ್ತರಿಸುವ ಮಷಿನ್ ಹುಟ್ಟಿದ್ದು 1830ರಲ್ಲಿ, ಇಂಗ್ಲೆಂಡಿನ ಸ್ಟ್ರೌಡ್ ಬಳಿ. ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಜುಂಗು ಕತ್ತರಿಸುವ ಯಂತ್ರ ನೋಡಿ ಎಡ್ವಿನ್ ಬಡಿಂಗ್ ಅದನ್ನು ಮಾಡಿದ. ಅದಕ್ಕೆ ಎಂಜಿನ್ ಇರಲಿಲ್ಲ, ಕೈಯಿಂದ ತಳ್ಳಬೇಕಿತ್ತು. ಇಂಗ್ಲೆಂಡಿನದೇ ರ್‍ಯಾನ್ಸಮ್ಸ್ ಕಂಪನಿ ಪೆಟ್ರೋಲ್ ಮಷಿನ್ ಮಾರಿದ್ದು 1902ರಲ್ಲಿ.

ನಡುವೆ 70 ವರ್ಷ ಏಕೆ ಬೇಕಾಯಿತು? 1876ರಲ್ಲಿ ಜರ್ಮನಿಯ ನಿಕೊಲಾಸ್ ಒಟ್ಟೊ ಫೋರ್ ಸ್ಟ್ರೋಕ್ ಎಂಜಿನ್ ಮಾಡಿದ. ಅದು ಓಡುತ್ತಿದ್ದದ್ದು ಗ್ಯಾಸಿನಿಂದ. ಗ್ಯಾಸ್ ಸುಲಭವಾಗಿ ಗಾಳಿಯಲ್ಲಿ ಬೆರೆಯುತ್ತದೆ, ಪೆಟ್ರೋಲ್ ದ್ರವ. ಅದನ್ನು ಮಂಜಿನಂತೆ ಚಿಮ್ಮಿಸುವ ಕಾರ್ಬುರೇಟರಿಗೆ 1893ರಲ್ಲಿ ಹಂಗೇರಿಯ ಬಾಂಕಿ ಮತ್ತು ಚೊಂಕಾ ಪೇಟೆಂಟ್ ಪಡೆದರು. ಅದೇ ಕಾಲದಲ್ಲಿ ಜರ್ಮನಿಯ ಮೇಬಾಕ್ ಕೂಡ ಇಂಥದ್ದನ್ನೇ ಮಾಡಿದ್ದ. ಇಕ್ಕಟ್ಟಿನ ದಾರಿಯಲ್ಲಿ ಗಾಳಿ ರಭಸವಾಗಿ ನುಗ್ಗಿದಾಗ ಒತ್ತಡ ಇಳಿದು, ಸಣ್ಣ ತೂತಿನಿಂದ ಪೆಟ್ರೋಲ್ ಮೇಲೆದ್ದು ಬರುತ್ತದೆ. ಆ ತೂತೇ ಜೆಟ್.

ಇನ್ನು ಕಿಡಿ. 1902ರಲ್ಲಿ ಬಾಷ್ ಕಂಪನಿಯ ಹೊನೋಲ್ಡ್ ಬ್ಯಾಟರಿ ಇಲ್ಲದೆಯೇ ಪ್ಲಗ್ಗಿಗೆ ಹೈವೋಲ್ಟೇಜ್ ಕೊಡುವ ಮ್ಯಾಗ್ನೆಟೊ ಮಾಡಿದ. ಇಂದೂ ನೀವು ಹಗ್ಗ ಎಳೆದಾಗ ಫ್ಲೈವೀಲಿನ ಅಯಸ್ಕಾಂತ ತಿರುಗಿ ಕಿಡಿ ಹುಟ್ಟುತ್ತದೆ.

ಕಿಡಿ, ಗಾಳಿ, ಪೆಟ್ರೋಲ್. ನಾವೂ ಅದೇ ಕ್ರಮದಲ್ಲಿ ನೋಡಿದೆವು. ಮೊದಲು ಪ್ಲಗ್ಗಿನ ಕ್ಯಾಪ್ ಕಿತ್ತಿಟ್ಟೆವು. ಬ್ಲೇಡಿನ ಹತ್ತಿರ ಕೈ ಹಾಕುವ ಮುಂಚೆ ಇದು ಕಡ್ಡಾಯ. ಪ್ಲಗ್ ಒರೆಸಿ ಹಾಕಿದೆವು. ಸ್ಪಂಜಿನ ಏರ್ ಫಿಲ್ಟರ್ ಸೋಪಿನಲ್ಲಿ ತೊಳೆದು ಒಣಗಿಸಿದೆವು (ಕಾಗದದ್ದಾದರೆ ತೊಳೆಯಬೇಡಿ). ಟ್ಯಾಂಕ್ ಮುಚ್ಚಳದ ಗಾಳಿತೂತೂ ಸರಿಯಿತ್ತು. ಆದರೂ ಕೆಮ್ಮು ನಿಲ್ಲಲಿಲ್ಲ.

ಆಗ ಚೋಕ್ ಅರ್ಧ ಹಾಕಿದೆವು. ಮಷಿನ್ ನೆಟ್ಟಗೆ ಓಡಿತು! ಚೋಕ್ ಗಾಳಿ ಕಡಿಮೆ ಮಾಡುತ್ತದೆ. ಹಾಗೆ ಮಾಡಿದಾಗ ಓಡಿತೆಂದರೆ, ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ.

ಎಂಜಿನ್ ಆರಿದ ಮೇಲೆ ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದರೆ ಹಳದಿ ಅಂಟು. ಹೋದ ವರ್ಷದ ಪೆಟ್ರೋಲ್ ಅಲ್ಲೇ ಉಳಿದು ಜೆಟ್ ಕಟ್ಟಿಕೊಂಡಿತ್ತು. ಕ್ಲೀನರ್ ಸ್ಪ್ರೇ ಹೊಡೆದು, ವೈರಿನ ಒಂದೇ ತಾಮ್ರದ ಎಳೆಯಿಂದ ತೂತು ಬಿಡಿಸಿದೆವು. ಗುಂಡುಪಿನ್ನು ಹಾಕಿದರೆ ತೂತು ಹಿಗ್ಗುತ್ತದೆ. ಸಂಜೆಯೊಳಗೆ ಅರ್ಧ ಮೈದಾನ ಬೋಳಾಯಿತು. ಖರ್ಚು ಒಂದು ಡಬ್ಬಿ ಸ್ಪ್ರೇ ಅಷ್ಟೆ.

ಈ ಇತಿಹಾಸಕ್ಕೆ ಈಚಿನ ಪುಟವೊಂದಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ 20% ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಮಷಿನ್ನಿನಲ್ಲಿ ಆ ನೀರು ತಳ ಸೇರಿ ಲೋಹ ತಿನ್ನಬಹುದು. ಎಷ್ಟೋ ಸಣ್ಣ ಎಂಜಿನ್‌ಗಳಿಗೆ ಕಂಪನಿಗಳು ಒಪ್ಪಿರುವ ಮಿತಿ 10% ಮಾತ್ರ. ನಿಮ್ಮ ಮಷಿನ್ನಿನ ಪುಸ್ತಕ ನೋಡಿಕೊಳ್ಳಿ.

ತೋಟದಲ್ಲಿ ಹೆಗಲಿಗೆ ಹಾಕುವ ಮಷಿನ್‌ಗಳಿಗೆ ಸಾಮಾನ್ಯವಾಗಿ ಈ ಬಟ್ಟಲು ಇರುವುದಿಲ್ಲ, ತೆಳು ಪೊರೆ ಇರುತ್ತದೆ. ಅದನ್ನು ಬಿಚ್ಚಲು ಗೊತ್ತಿದ್ದವರಿಗೇ ಕೊಡಿ. ಆದರೆ ಯಾವ ಮಷಿನ್ನೇ ಇರಲಿ, ಹುಲ್ಲಿನ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಬಯಲಿನಲ್ಲಿಟ್ಟು ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಒಳಗಿಡಿ. ಈ ಸಲ ಮೇಷ್ಟ್ರು ಹಾಗೇ ಮಾಡಿದ್ದಾರೆ.