ಸೀಗೆಯ ನೊರೆ, ಶಾಂಪೂವಿನ ಹೆಸರು

ನರಕ ಚತುರ್ದಶಿಯ ಮುಂಜಾನೆ ಅಜ್ಜಿ ಎಣ್ಣೆಯೊತ್ತಿ ಸೀಗೆಪುಡಿ ಹಚ್ಚುತ್ತಿದ್ದುದು ತಮ್ಮಲ್ಲಿ ಅನೇಕರಿಗೆ ನೆನಪಿರಬೇಕು; ಕಣ್ಣುರಿಯನ್ನಂತೂ ಮರೆತಿರಲಾರಿರಿ. ಈ ಅಭ್ಯಂಜನ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಕ್ರಿ. ಶ. 1126–1138) ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಸ್ನಾನವನ್ನು ರಾಜಭೋಗಗಳಲ್ಲಿ ಒಂದೆಂದು ಎಣಿಸಿದ್ದಾನೆ.

ಅರಸನ ಆ ಭೋಗವನ್ನು ಬಡವರ ಬಚ್ಚಲಿಗೂ ಎಟುಕಿಸಿದುವು ನಮ್ಮ ಗಿಡಮರಗಳು. ಸೀಗೆ, ಅಂಟುವಾಳಗಳಲ್ಲಿರುವ ಸ್ಯಾಪೊನಿನ್ ನೊರೆಯೆದ್ದು ಜಿಡ್ಡನ್ನು ಬಿಡಿಸುತ್ತದೆ. ದಾಸವಾಳದ ಎಲೆಯ ಲೋಳೆ ಕೂದಲಿಗೆ ನುಣುಪು ಕೊಡುತ್ತದೆ. ಗೋರಂಟಿಯಂತೆ ಇವು ಬಣ್ಣ ಹಿಡಿಸುವುದಿಲ್ಲ. ಕಪ್ಪು ಕಪ್ಪಾಗಿಯೇ, ನರೆ ನರೆಯಾಗಿಯೇ ಉಳಿಯುತ್ತದೆ.

‘ಶಾಂಪೂ’ ಎಂಬ ಹೆಸರೂ ಪರಕೀಯವಲ್ಲ. ‘ಒತ್ತು’ ಎಂಬರ್ಥದ ಹಿಂದಿಯ ‘ಚಾಂಪೋ’ ಎಂಬುದೇ ಇಂಗ್ಲಿಷಿಗೆ ಹೋಗಿ ಹೀಗಾಯಿತು. ಪಾಟ್ನಾದಿಂದ ಹೋದ ಷೇಕ್ ದೀನ್ ಮಹಮ್ಮದನು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹಬೆಸ್ನಾನ, ಅಂಗಮರ್ದನಗಳ ಮನೆ ನಡೆಸಿ, 1822ರಲ್ಲಿ ಆ ಹೆಸರಿನ ಪುಸ್ತಕವನ್ನೇ ಬರೆದನು. ಕಾಲಾಂತರದಲ್ಲಿ ಅರ್ಥ ಬದಲಾಯಿತು. ಅಂಗಮರ್ದನ ಮರೆಯಾಗಿ, ತಲೆ ತೊಳೆಯುವ ದ್ರವಕ್ಕೆ ಆ ಹೆಸರು ನಿಂತು, ಸೀಸೆಯೇರಿ ನಮ್ಮಲ್ಲಿಗೇ ಮರಳಿತು.

ಸೀಸೆ ಕೊಳ್ಳುವುದು ತಪ್ಪಲ್ಲ. ಆದರೆ ಕಾಯಿಯನ್ನು ಗುರುತಿಸುವ ಕಣ್ಣು, ಪುಡಿಯ ಹದ ಬಲ್ಲ ಕೈ ಒಂದು ತಲೆಮಾರು ತಪ್ಪಿದರೆ ಮತ್ತೆ ದೊರೆಯುವುದು ಕಷ್ಟ. ಮನೆಯಲ್ಲಿ ಹಿರಿಯರಿದ್ದರೆ ಇಂದೇ ಕೇಳಿ ಬರೆದಿಡಿ.