ದೇಗಾಂವದ ಕಮಲನಾರಾಯಣ: ಕಲ್ಲಿಗೆ ಬಂದ ಮರಗೆಲಸ

ಕಿತ್ತೂರಿನ ಸಮೀಪದ ದೇಗಾಂವದಲ್ಲಿರುವ ಕಮಲನಾರಾಯಣ ಗುಡಿಗೆ ದೂರದಿಂದ ಕರೆಯುವ ಎತ್ತರದ ಶಿಖರವಿಲ್ಲ. ಅಡ್ಡಕ್ಕೆ ಹರಡಿ, ನೆಲಕ್ಕೊರಗಿ ಕುಳಿತ ಕಟ್ಟಡವದು. ಹತ್ತಿರ ಬಂದವರ ಕಣ್ಣು ಮುಂದಕ್ಕೆ ಚಾಚಿ ಬಾಗಿದ ಕಲ್ಲಿನ ಸೂರಿನ ಮೇಲೆ ನಿಲ್ಲುತ್ತದೆ. ಈ ಗುಡಿಯನ್ನು ಆ ಸೂರಿನಿಂದಲೇ ಓದತೊಡಗಬೇಕು.

ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದಳು. ಶಾಸನತಜ್ಞ ಜೆ.ಎಫ್. ಫ್ಲೀಟ್ ಪ್ರಕಟಿಸಿದ ಇಲ್ಲಿಯ ಶಾಸನ 1174ರದು. ಶಿಲ್ಪಿ ತಿಪ್ಪೋಜ. ಸಾಲಾಗಿ ನಿಂತ ಮೂರು ಗರ್ಭಗುಡಿಗಳು ನಾರಾಯಣ, ಲಕ್ಷ್ಮೀನಾರಾಯಣ ಮತ್ತು ಕಮಲೆಗೆ ಮೀಸಲು. ರಾಣಿಯ ಹೆಸರೇ ದೇವರ ಹೆಸರಿನೊಳಗೆ ಸೇರಿಕೊಂಡಿದೆ. ಅವಳ ದಾನವನ್ನು ಗಂಡನ ಕೀರ್ತಿಯ ಅಡಿಟಿಪ್ಪಣಿಯಾಗಿಸುವುದು ಸರಿಯಲ್ಲ.

ಸೂರಿನ ಕೆಳಗೆ ನಿಂತು ಕತ್ತೆತ್ತಿದರೆ ಕಲ್ಲಿನಲ್ಲೇ ಕಡೆದ ಪಟ್ಟಿಗಳು ಕಾಣುತ್ತವೆ. ಮನೆಯ ಮಾಡಿಗೆ ಹಾಸಿದ ಜಂತಿಗಳಂತೆ ಅವು ಗೋಡೆಯಿಂದ ಅಂಚಿನತ್ತ ಹರಿದಿವೆ. ಭಾರ ಹೊರುವ ಕೆಲಸ ಅವಕ್ಕಿಲ್ಲ. ಚಾಚಿದ ಚಪ್ಪಡಿಯ ಹಿಂಬದಿಯನ್ನು ಮೇಲಿನ ಕಲ್ಲುಗಳ ತೂಕವೇ ಅದುಮಿ ಹಿಡಿಯುತ್ತದೆ. ಆದರೂ ಶಿಲ್ಪಿ ಜಂತಿಯನ್ನು ಬಿಡಲಿಲ್ಲ. ಕಂಬ, ಬೋದಿಗೆ, ತೊಲೆ ಎಂಬ ಬಡಿಗನ ಕ್ರಮವೇ ಕಲ್ಲಿನಲ್ಲೂ ಮುಂದುವರಿದಿದೆ. ಬೈಲಹೊಂಗಲ, ಸವದತ್ತಿ ಸೀಮೆಯ ಹಳೆಯ ಪಡಸಾಲೆಗಳಲ್ಲಿ ಇದೇ ಕ್ರಮವನ್ನು ಮರದಲ್ಲಿ ಕಾಣಬಹುದು.

ದೇಗಾಂವದ ಗುಡಿ ಎದ್ದ ಸರಿಸುಮಾರು ಅದೇ ಕಾಲಕ್ಕೆ ನಾರ್ವೆಯ ಹಳ್ಳಿಗಳಲ್ಲಿ ಮರದ ಚರ್ಚುಗಳು ಏಳುತ್ತಿದ್ದವು. ಬೋರ್ಗುಂಡ್ ಚರ್ಚು 1180ರ ಆಸುಪಾಸಿನದು. ಊರ್ನೆಸ್ ಅದಕ್ಕೂ ಹಿಂದಿನದು, 1979ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿಯವರು ಮೊದಲು ಕಂಬಗಳನ್ನು ನೆಲದಲ್ಲೇ ಹೂಳುತ್ತಿದ್ದರು, ತೇವಕ್ಕೆ ಬುಡ ಕೊಳೆಯುತ್ತಿತ್ತು. ಆಮೇಲೆ ಕಲ್ಲಿನ ಅಡಿಪಾಯದ ಮೇಲೆ ಅಡ್ಡತೊಲೆ ಇಟ್ಟು ಕಂಬ ನಿಲ್ಲಿಸಿದರು, ಮರಕ್ಕೆ ಪೈನ್ ಟಾರು ಬಳಿದರು. ಹಾಗಿದ್ದೂ ನಾರ್ವೆಯಲ್ಲಿ ಇಂದು ಉಳಿದಿರುವುದು 28 ಮಾತ್ರ. ಈ ಎರಡು ನಾಡುಗಳ ಶಿಲ್ಪಿಗಳಿಗೆ ಪರಸ್ಪರ ಸಂಪರ್ಕವಿತ್ತೆಂದು ಊಹಿಸಬೇಕಿಲ್ಲ. ನೀರನ್ನು ಗೋಡೆಯಿಂದ ದೂರ ಇಡುವ ಚಿಂತೆ ಇಬ್ಬರದೂ ಆಗಿತ್ತು.

ಕಿತ್ತೂರಿನ ಪಡುವಣಕ್ಕೆ ಮಲೆನಾಡಿನ ಮಳೆ, ಸವದತ್ತಿ, ರಾಮದುರ್ಗದತ್ತ ಬಯಲುಸೀಮೆಯ ಬಿಸಿಲು. ಆದ್ದರಿಂದ ದೇಗಾಂವದ ಸೂರನ್ನು ಬರಿಯ ಅಲಂಕಾರವೆಂದು ವರ್ಣಿಸಿ ಬಿಟ್ಟರೆ ಸಾಲದು. ಸವದತ್ತಿ ಸೀಮೆಯ ಹೂಲಿಯ ಪಂಚಲಿಂಗೇಶ್ವರ ಗುಡಿಯ ಪಕ್ಕದಲ್ಲಿಟ್ಟು ಅದರ ಚಾಚು, ಇಳಿಜಾರು, ಚಪ್ಪಡಿಗಳ ಸಂದುಗಳನ್ನು ಅಳೆದು ನಕ್ಷೆ ಮಾಡಬೇಕು. ಸಂದಿನಲ್ಲಿ ಬೇರಿಳಿಸಿದ ಒಂದು ಗಿಡ ಸಾಕು, ಚಪ್ಪಡಿ ಸಡಿಲಗೊಳ್ಳಲು.