ಅಕ್ಷಯ ಪಾತ್ರೆಗೂ ಉಂಟು ಕಟ್ಟಳೆ

ಎಷ್ಟು ತೆಗೆದರೂ ಬರಿದಾಗದ ಪಾತ್ರೆ, ಎಷ್ಟು ತುಂಬಿದರೂ ಉಬ್ಬದ ಚೀಲ ಅನೇಕ ನಾಡುಗಳ ಕತೆಗಳಲ್ಲಿ ಬರುತ್ತವೆ. ಹಸಿವು, ಬರ ಕಂಡ ಜನ ಇಂಥ ವಸ್ತುಗಳನ್ನು ಕಲ್ಪಿಸಿಕೊಂಡದ್ದು ಸಹಜವೇ. ಆದರೆ ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೊಂದಿದೆ. ಈ ಪಾತ್ರೆಗಳು ಸಾಮಾನ್ಯವಾಗಿ ಷರತ್ತಿನೊಡನೆಯೇ ಬರುತ್ತವೆ. ಷರತ್ತು ಬಂದಲ್ಲಿ ಅದರ ಅರ್ಥವೇನೆಂಬ ಜಿಜ್ಞಾಸೆಯೂ ಹುಟ್ಟುತ್ತದೆ.

ವನವಾಸದಲ್ಲಿ ಧರ್ಮರಾಯನಿಗೆ ಸೂರ್ಯ ಕೊಟ್ಟ ತಾಮ್ರದ ಪಾತ್ರೆಯ ಕತೆ ಎಲ್ಲರಿಗೂ ಗೊತ್ತು. ದ್ರೌಪದಿ ಉಣ್ಣುವವರೆಗೆ ಅದರಲ್ಲಿ ಅನ್ನ ಅಕ್ಷಯ. ಆಕೆ ಉಂಡರೆ ಆ ದಿನಕ್ಕೆ ಮುಗಿಯಿತು. ಆಕೆಯ ಊಟವಾದ ಮೇಲೆಯೇ ದೂರ್ವಾಸರು ಶಿಷ್ಯರ ದಂಡಿನೊಡನೆ ಬರುತ್ತಾರೆ. ಕೃಷ್ಣ ಪಾತ್ರೆ ತರಿಸಿ ನೋಡಿ, ಅಂಚಿಗೆ ಅಂಟಿದ್ದ ಸೊಪ್ಪು, ಅಗುಳನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ನದಿಯಲ್ಲಿ ಮೀಯುತ್ತಿದ್ದ ಋಷಿಗಳಿಗೆಲ್ಲ ಹೊಟ್ಟೆ ತುಂಬುತ್ತದೆ. ಷರತ್ತನ್ನು ಇಲ್ಲಿ ಯಾರೂ ಮುರಿಯಲಿಲ್ಲ. ‘ಬರಿದಾದ ಪಾತ್ರೆ’ ಎಂಬ ಮಾತಿಗೆ ಬೇರೆ ಅರ್ಥ ಹಚ್ಚಲಾಯಿತು, ಅಷ್ಟೆ. ಪುಣೆಯ ಭಂಡಾರಕರ ಸಂಸ್ಥೆಯ ಪರಿಷ್ಕೃತ ಮಹಾಭಾರತದ ಮೂಲಪಾಠದಲ್ಲಿ ದೂರ್ವಾಸರ ಈ ಪ್ರಸಂಗ ಇಲ್ಲ. ನಂತರ ಸೇರಿದ್ದೆಂದು ಬಗೆದು ಅದನ್ನು ಅನುಬಂಧಕ್ಕೆ ಹಾಕಿದ್ದಾರೆ. ಕಟ್ಟಳೆಯನ್ನು ಕೇಳಿದವರು ಅದರ ಗಡಿಯನ್ನು ಪರೀಕ್ಷಿಸಲು ಹೊಸ ಕತೆಯನ್ನೇ ಕಟ್ಟಿದರೆನ್ನಬಹುದು.

ಇದೇ ಜಿಜ್ಞಾಸೆ ನಮ್ಮ ಕಾಲದ ಒಂದು ಆಟದಲ್ಲೂ ಇದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕುಳಿತು ಆಡುವ ಆಟ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಗೆಲವು ಸೋಲು ದಾಳದ ಮೇಲೆ. ಅದರಲ್ಲಿ ‘ಬ್ಯಾಗ್ ಆಫ್ ಹೋಲ್ಡಿಂಗ್’ ಎಂಬ ಮಾಯಾಚೀಲವಿದೆ. ಹೊರಗಿನಿಂದ ಸಾಧಾರಣ ಚೀಲ. ಒಳಗೆ ಹೊರಗಿನ ಅಳತೆಗಿಂತ ಬಹಳ ಹೆಚ್ಚು ಜಾಗ. 2014ರ ಆವೃತ್ತಿಯ ಪ್ರಕಾರ ಅದು 500 ಪೌಂಡ್, ಎಂದರೆ ಸುಮಾರು 227 ಕಿಲೋ ಹೊರುತ್ತದೆ. ಚೀಲದ ತೂಕ ಮಾತ್ರ ಸದಾ 15 ಪೌಂಡ್. ಮಿತಿ ಮೀರಿ ತುಂಬಿದರೆ, ಚುಚ್ಚಿ ಹರಿದರೆ ಚೀಲ ನಾಶವಾಗಿ ಒಳಗಿನದೆಲ್ಲ ಬೇರೊಂದು ಲೋಕಕ್ಕೆ ಚೆಲ್ಲಿಹೋಗುತ್ತದೆ. ಒಳಹೊಕ್ಕವನಿಗೆ ಉಸಿರಾಡಲು 10 ನಿಮಿಷದ ಗಾಳಿ. ಇಬ್ಬರಿದ್ದರೆ ತಲಾ 5 ನಿಮಿಷ. ಒಳಗಿಟ್ಟ ಈಟಿಯ ಮೊನೆಯಿಂದ ಚೀಲ ಹರಿದೀತೇ ಎಂಬಂಥ ಪ್ರಶ್ನೆಗಳ ಮೇಲೆ ಆಟಗಾರರು ಶಾಸ್ತ್ರಿಗಳಂತೆ ವಾದಿಸುತ್ತಾರೆ.

ಗಾಳಿಯ ಈ ನಿಯಮ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯ ಹಿರಿಯ ರೈತರಿಗೆ ಹೊಸತೆನಿಸದು. ಜೋಳ ಬೆಳೆಯುವ ಈ ನಾಡಿನಲ್ಲಿ ಕಾಳು ಕಾಪಾಡುತ್ತಿದ್ದದ್ದು ಹಗೇವು. ಮೇಲೆ ಒಬ್ಬ ಇಳಿಯುವಷ್ಟು ಕಿರಿದಾದ ಬಾಯಿ. ಕೆಳಗೆ ಮನೆಯ ಅಂಗಳದಡಿ ಚೀಲಗಟ್ಟಲೆ ಜೋಳ ಹಿಡಿಯುವ ಹೊಟ್ಟೆ. ಒಳಗೆಲ್ಲ ಹುಲ್ಲು ಹಾಸಿ ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯಲ್ಲಿ ಆಮ್ಲಜನಕ ತೀರಿ ಹುಳುಗಳು ಸಾಯುವುದರಿಂದ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಹುಳುವನ್ನು ಕೊಂದ ಗಾಳಿ ಮನುಷ್ಯನನ್ನೂ ಬಿಡದು. ಆದ್ದರಿಂದಲೇ ಬಾಯಿ ತೆರೆದು ಗಾಳಿಯಾಡಲು ಬಿಡಬೇಕು, ದೀಪ ಇಳಿಸಿ ನೋಡಬೇಕು, ಅದು ಆರಿದರೆ ಇಳಿಯಕೂಡದು ಎಂಬ ಕಟ್ಟಳೆ. ಅವಸರಪಟ್ಟು ಇಳಿದವರು ಜೀವ ತೆತ್ತದ್ದುಂಟು. ಇಷ್ಟು ಜತನ ಮಾಡಿದರೂ ಹಗೇವು ಅಕ್ಷಯವಲ್ಲ. 1876ರಿಂದ 78ರವರೆಗಿನ ಬರದಲ್ಲಿ, ಆಗ ಕಲಾದಗಿ ಜಿಲ್ಲೆಗೆ ಸೇರಿದ್ದ ಈ ಪ್ರದೇಶದಲ್ಲಿ ಅಪಾರ ಜನ ಸತ್ತರು, ಉಳಿದವರಲ್ಲಿ ಅನೇಕರು ಊರು ಬಿಟ್ಟರು.

ಬಾಗೇವಾಡಿ ಬಸವಣ್ಣನವರ ಹುಟ್ಟೂರು. ಬರಿದಾಗದ ಭಂಡಾರದ ಕತೆಯೊಂದು ಅವರ ಹೆಸರಿನಲ್ಲೂ ಇದೆ. 12ನೇ ಶತಮಾನದಲ್ಲಿ ಕಲಚುರಿ ಬಿಜ್ಜಳನ ಭಂಡಾರಿಯಾಗಿದ್ದ ಅವರು ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಆಗದವರು ದೂರಿದರು. ಬಿಜ್ಜಳ ಲೆಕ್ಕ ಕೇಳಿದ. ಎಣಿಸಿ ನೋಡಿದರೆ ಹಣ ಕಡಿಮೆಯಾಗಿರಲಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣ ಈ ಪರಂಪರೆಯವು. ಭಕ್ತರಿಗೆ ಇದು ಪವಾಡ. ಇತಿಹಾಸದ ಕಣ್ಣಿನಿಂದ ನೋಡುವವರಿಗೆ ಭಂಡಾರಿಯ ಕೈ ಶುದ್ಧವೆಂದು ಸಾರುವ ಕತೆ. ಎರಡು ಓದಿಗೂ ಆಧಾರ ಒಂದೇ ಪ್ರಶ್ನೆ: ಬೊಕ್ಕಸ ಯಾರದು, ಅದರಿಂದ ತೆಗೆಯುವ ಹಕ್ಕು ಯಾರಿಗೆ?

ಈ ಪ್ರಶ್ನೆಗೆ ನೇರ ಉತ್ತರ ಸಿಗುವುದು ಪವಾಡವಿಲ್ಲದ ಇನ್ನೊಂದು ಕತೆಯಲ್ಲಿ. ಈಗಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿಯ ಕಾಯಕ, ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅಂದಿನ ದಾಸೋಹಕ್ಕೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದಳು ಲಕ್ಕಮ್ಮ. ಬಡವಳಾದ ಆಕೆ ಕೂಡಿಡುವುದನ್ನು ಆಸೆಯ ಲಕ್ಷಣವೆಂದು ಕಂಡಳು.

ಲಕ್ಕಮ್ಮನ ಈ ಮಾತನ್ನು ಸರಿಯಾಗಿ ಓದಬೇಕು. ಬರ ಬೀಳುವ ನಾಡಿನಲ್ಲಿ ಹಗೇವು ತುಂಬಿಡುವುದೇ ತಪ್ಪೆಂದು ಇದರರ್ಥವಲ್ಲ; ನಾಳೆಗೆ ಕಾಳಿಡದ ರೈತನಿಗೆ ಬಿತ್ತಲು ಬೀಜವೂ ಉಳಿಯದು. ಆಕೆ ತಡೆದದ್ದು ಎಲ್ಲರಿಗಾಗಿ ಇದ್ದದ್ದು ಒಂದು ಮನೆಯ ಪಾಲಾಗುವುದನ್ನು. ಪಾಂಡವರ ಪಾತ್ರೆಯ ಷರತ್ತೂ ಇದಕ್ಕೆ ದೂರವಿಲ್ಲ. ಅಲ್ಲಿ ದ್ರೌಪದಿ ಉಣ್ಣುತ್ತಿದ್ದದ್ದು ಅತಿಥಿಗಳೂ ಮನೆಯವರೂ ಉಂಡ ಮೇಲೆ, ಎಲ್ಲರಿಗಿಂತ ಕೊನೆಗೆ. ಬಡಿಸುವ ಕೈ ತನ್ನ ಪಾಲನ್ನು ಕೊನೆಗಿಟ್ಟಷ್ಟು ಹೊತ್ತು ಪಾತ್ರೆ ಬರಿದಾಗುತ್ತಿರಲಿಲ್ಲ.